ಗೊರಬಲು ಎಲ್ಲಿ ಹೋಯ್ತು?

ನಮ್ಮ ಚಿಕ್ಕಪ್ಪನದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಅವರ ಮಗಳು ಈಗಷ್ಟೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ನಾನು ಹೋದಾಗ ಲ್ಯಾಪ್‌ಟಾಪ್ ಹಿಡಿದು ಬಂದಳು. 'ಅಣ್ಣ, ಒಂದು ಸಲ ಹುಡುಕುತ್ತೆ, ಎರಡನೇ ಸಲ ಎಂತ ಕೇಳಿದ್ರೂ ಇಲ್ಲ ಅನ್ನುತ್ತೆ.'

ಅಪ್ಪ ಅಡಿಕೆ ಮಾರಿದ ಲೆಕ್ಕವನ್ನೆಲ್ಲ ಅವಳು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಇಟ್ಟಿದ್ದಳು. ದಿನಾಂಕ, ಮಂಡಿ ಇರುವ ಊರು, ತೂಕ, ದರ, ಕೊನೆಗೆ ಅಡಿಕೆಯ ಬಗೆ: ರಾಶಿ, ಬೆಟ್ಟೆ, ಗೊರಬಲು. ನಡುವೆ ಕಾಮಾ. 'ರಾಶಿ' ಎಂದು ಕೊಟ್ಟರೆ ರಾಶಿ ಇರುವ ಸಾಲುಗಳು ಬರುತ್ತಿದ್ದವು. ಆಮೇಲೆ 'ಬೆಟ್ಟೆ' ಕೊಟ್ಟರೆ ಏನೂ ಇಲ್ಲ. ಪ್ರೋಗ್ರಾಂ ಮುಚ್ಚಿ ಮೊದಲು ಬೆಟ್ಟೆ ಕೇಳಿದರೆ ಬೆಟ್ಟೆ ಬರುತ್ತಿತ್ತು, ರಾಶಿ ಮಾಯ.

ಅವಳು ಹುಡುಕುವ ಸಾಲನ್ನೇ ಹತ್ತು ಸಲ ತಿದ್ದಿದ್ದಳು. ಅದನ್ನು ಬಿಟ್ಟು, ಪ್ರತಿ ಸಲ ಎಷ್ಟು ಸಾಲು ಓದಿತು ಎಂದು ಎಣಿಸಿ ಪ್ರಿಂಟ್ ಮಾಡಿಸಿದೆ. ಮೊದಲ ಸಲ 312. ಎರಡನೇ ಸಲ 0. ಹುಡುಕಾಟದ ತಪ್ಪೇ ಅಲ್ಲ, ಓದಲು ಸಾಲೇ ಉಳಿದಿರಲಿಲ್ಲ.

ಫೈಲನ್ನು, ಪದ ಕೇಳಿ ಹುಡುಕುವುದನ್ನು ಮತ್ತೆ ಮತ್ತೆ ನಡೆಸುವ ವೈಲ್ ಲೂಪ್‌ನ ಹೊರಗೆ ಒಂದೇ ಸಲ ತೆರೆದಿದ್ದಳು. ಎಲ್ಲಿಯವರೆಗೆ ಓದಿದೆ ಎಂಬ ಗುರುತು ಫೈಲಿಗೆ ಇರುತ್ತದೆ. ಒಂದು ಸಲ ಕೊನೆಗೆ ಹೋದರೆ ಅದು ಅಲ್ಲೇ ನಿಲ್ಲುತ್ತದೆ, ತಾನಾಗಿ ಮೇಲಕ್ಕೆ ಬರುವುದಿಲ್ಲ. ಸೀಕ್ ಫಂಕ್ಷನ್‌ಗೆ 0 ಕೊಟ್ಟು ಮೊದಲಿಗೆ ತರಬಹುದು. ಎಲ್ಲ ಸಾಲನ್ನೂ ಲಿಸ್ಟ್‌ಗೆ ತುಂಬಿಕೊಂಡು ಅದರಲ್ಲೇ ಹುಡುಕಬಹುದು. ಸಾಮಾನ್ಯವಾಗಿ ನನಗೆ ಲಿಸ್ಟೇ ಇಷ್ಟ. ಆದರೆ ಇಲ್ಲಿ ಪ್ರೋಗ್ರಾಂ ಓಡುತ್ತಿರುವಾಗಲೇ ಚಿಕ್ಕಪ್ಪ ನೋಟ್‌ಪ್ಯಾಡ್‌ನಲ್ಲಿ ಹೊಸ ಸಾಲು ಸೇರಿಸುತ್ತಾರೆ. ಲಿಸ್ಟ್‌ಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಲೂಪ್‌ನ ಒಳಗೇ, ಪ್ರತಿ ಹುಡುಕಾಟಕ್ಕೂ ಫೈಲನ್ನು ಹೊಸದಾಗಿ ತೆರೆಯುವಂತೆ ಮಾಡಿದೆವು. ಮುನ್ನೂರು ಚಿಲ್ಲರೆ ಸಾಲಿಗೆ ಇದೇನೂ ಭಾರವಲ್ಲ.

ಕೆಲಸ ಮುಗಿಯಿತು ಅಂದುಕೊಂಡೆ. ಚಿಕ್ಕಪ್ಪ ಬಂದು 'ಗೊರಬಲು ಎಷ್ಟು ಸಲ ಹಾಕಿದ್ದೆ ನೋಡು' ಎಂದರು. ಮೂರು ಸಾಲು ಬಂತು, ಮೂರೂ ಈ ವರ್ಷದ್ದು. 'ಇಷ್ಟೇನಾ? ಪ್ರತಿ ವರ್ಷ ಹಾಕಿದೀನಲ್ಲ!' ಎಂದರು. ಫೈಲ್ ತೆರೆದರೆ ಹಳೆಯ ಗೊರಬಲು ಸಾಲುಗಳು ಕಣ್ಣೆದುರೇ ಇವೆ!

ಹಳೆಯ ಸಾಲೊಂದರ ಕೊನೆಯ ಪದವನ್ನು ಬಿಡಿಸಿ ಅದರ ಉದ್ದ ಕೇಳಿದೆ. 8 ಎಂದಿತು. ನಾವು ಟೈಪ್ ಮಾಡಿದ ಗೊರಬಲುಗೆ 6. ಅದರಲ್ಲಿ ಒಂದು, ಸಾಲು ಮುಗಿಯಿತು ಎಂದು ಹೇಳುವ, ಕಣ್ಣಿಗೆ ಕಾಣದ ನ್ಯೂಲೈನ್ ಚಿಹ್ನೆ ಇರಬೇಕು ಎಂದು ಸ್ಟ್ರಿಪ್ ಮಾಡಿ ತೆಗೆದೆ. 7 ಆಯಿತು. ಇನ್ನೂ ಒಂದು ಜಾಸ್ತಿ. ಸುಮ್ನೆ ಪ್ರಿಂಟ್ ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆಸ್ಕಿ ಫಂಕ್ಷನ್‌ಗೆ ಕೊಟ್ಟಾಗ ಪ್ರತಿ ಚಿಹ್ನೆಯ ಒಳಗಿನ ಸಂಖ್ಯೆ ಬಂತು. ನಮ್ಮ 'ಗೊ' ದಲ್ಲಿ ಒತ್ವಕ್ಕೆ ಒಂದೇ ಚಿಹ್ನೆ ಇತ್ತು. ಫೈಲಿನ 'ಗೊ' ದಲ್ಲಿ ಎತ್ವ ಬೇರೆ, ಊ ಸ್ವರದ ಕೊಂಬು ಬೇರೆ, ಎರಡು ಚಿಹ್ನೆ ಇದ್ದವು.

ಕಾರಣ ಕೇಳಿದಾಗ ಗೊತ್ತಾಯಿತು. ಹಳೆಯ ಲೆಕ್ಕವನ್ನು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅದನ್ನು ಅವಳು ಒಂದು ಕನ್ವರ್ಟರ್‌ನಿಂದ, ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ಗೆ ತಂದಿದ್ದಳು. ಆ ಫಾಂಟುಗಳಲ್ಲಿ ಒತ್ವವನ್ನು ಎರಡು ತುಂಡು ಜೋಡಿಸಿಯೇ ಬರೆಯುವುದು. ಕನ್ವರ್ಟರ್ ಆ ತುಂಡುಗಳನ್ನು ಹಾಗೇ ಬಿಟ್ಟಿತ್ತು. ಯುನಿಕೋಡ್ ಪ್ರಕಾರ ಎರಡೂ ಒಂದೇ ಅಕ್ಷರ. ಆದರೆ ಪೈಥಾನ್ ಹೋಲಿಸುವುದು ಚಿಹ್ನೆಗೆ ಚಿಹ್ನೆ. ಅದಕ್ಕೆ ಇವು ಬೇರೆ ಬೇರೆ ಪದ.

ಪೈಥಾನ್ ಜೊತೆಗೇ ಬರುವ ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ ಎಂದು ಹೇಳಿದರೆ ತುಂಡುಗಳನ್ನು ಕೂಡಿಸಿ ಕೊಡುತ್ತದೆ. ಫೈಲಿನ ಸಾಲು, ಹುಡುಕುವ ಪದ, ಎರಡಕ್ಕೂ ಹಾಕಬೇಕು. ಒಂದಕ್ಕೇ ಹಾಕಿದರೆ ಇನ್ನೊಂದು ತುಂಡಾಗಿದ್ದಾಗ ಮತ್ತೆ ಅದೇ ಕಥೆ, ಅಲ್ವಾ? ಎರಡು ಸಾಲು ಬದಲಾಯಿಸಿದೆವು. ಗೊರಬಲು 41 ಸಾಲು ಬಂತು.

ಆಗ ಅವಳಿಗೇ ಹೊಳೆಯಿತು. 'ಅಣ್ಣ, ಹಾಗಾದ್ರೆ ಹೊಸನಗರ?' ಅದರಲ್ಲೂ ಒತ್ವ. ತೀರ್ಥಹಳ್ಳಿಯ ದೀರ್ಘವೂ ಹೀಗೆಯೇ ಒಡೆದಿತ್ತು. ಸಾಗರಕ್ಕೆ ಮಾತ್ರ ತೊಂದರೆ ಇರಲಿಲ್ಲ. ಊರಿನ ಪ್ರಕಾರ ಒಟ್ಟು ತೂಕ ಬರೆದು ಅಪ್ಪನಿಗೆ ಕೊಟ್ಟಿದ್ದ ಹಾಳೆಯನ್ನು ವಾಪಸ್ ಇಸ್ಕೊಂಡು, ಆ ಎರಡು ಊರಿನ ಲೆಕ್ಕವನ್ನು ಮೊದಲಿಂದ ತೆಗೆಯಲು ಕೂತಳು.