ಕೈಯಲ್ಲಿ ಎರಡು ಸೀಟು: ಯಾವುದನ್ನು ಹಿಡಿಯಬೇಕು, ಇನ್ನೊಂದನ್ನು ಹೇಗೆ ಬಿಡಬೇಕು?

ಸಿಇಟಿ ಸೀಟು ಹಂಚಿಕೆ ಶುರುವಾದರೆ ಎಂಜಿನಿಯರಿಂಗ್ ಬಯಸಿದ ಮಕ್ಕಳ ಮನೆಗಳಲ್ಲಿ ಇದೇ ಮಾತು. ಸಿಇಟಿಯಲ್ಲಿ ಒಂದು ಸೀಟು, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯಲ್ಲಿ ಇನ್ನೊಂದು. ಯಾವುದಕ್ಕೆ ದುಡ್ಡು ಕಟ್ಟುವುದು, ಕಟ್ಟಿದ್ದನ್ನು ಬಿಟ್ಟರೆ ವಾಪಸ್ ಬರುತ್ತದೆಯೇ? ಇಲ್ಲಿ ಹೆಚ್ಚಿನವರು ಎಡವುವುದು ಆಯ್ಕೆಯಲ್ಲಲ್ಲ, ಬಿಡುವ ಸಮಯದಲ್ಲಿ. ಒಂದು ಸೀಟು ಪಕ್ಕಾ ಆಗುವ ತನಕ ಇನ್ನೊಂದನ್ನು ಬಿಡಬಾರದು. ಪಕ್ಕಾ ಆದ ಮೇಲೆ ಒಂದು ದಿನವೂ ಹಿಡಿದಿಟ್ಟುಕೊಳ್ಳಬಾರದು.

ಮೊದಲು ನಾಲ್ಕು ವರ್ಷದ ಲೆಕ್ಕ

ಮೊದಲ ವರ್ಷದ ಶುಲ್ಕ ನೋಡಿ ತೀರ್ಮಾನಿಸಬೇಡಿ. ಒಂದು ಹಾಳೆಯಲ್ಲಿ ಎರಡೂ ಕಾಲೇಜುಗಳ ಪೂರ್ತಿ ಖರ್ಚು ಬರೆಯಿರಿ. ಉದಾಹರಣೆಗೆ, ಮನೆಯಿಂದಲೇ ಓಡಾಡುವ ಕಾಲೇಜಿಗೆ ವರ್ಷಕ್ಕೆ ಶುಲ್ಕ 1,10,000 ರೂಪಾಯಿ, ಬಸ್ಸಿಗೆ 25,000 ಎಂದುಕೊಳ್ಳಿ: ನಾಲ್ಕು ವರ್ಷಕ್ಕೆ 5,40,000. ದೂರದ ಊರಿನ ಕಾಲೇಜಿಗೆ ಶುಲ್ಕ 2,60,000, ಹಾಸ್ಟೆಲ್ ಮತ್ತು ಊಟಕ್ಕೆ 1,20,000 ಆದರೆ ಒಟ್ಟು 15,20,000. ಈ 9,80,000ದ ಅಂತರಕ್ಕೆ ತಕ್ಕ ಲಾಭ ಆ ಕಾಲೇಜಿನಲ್ಲಿದೆಯೇ ಎಂಬುದೇ ನಿಜವಾದ ಪ್ರಶ್ನೆ. ಸಿಕ್ಕಿದ್ದು ಎಸ್‌ಎನ್‌ಕ್ಯೂ (ಕಡಿಮೆ ಆದಾಯದ ಕುಟುಂಬದ ಮಕ್ಕಳಿಗಿರುವ ಸೂಪರ್‌ನ್ಯೂಮರರಿ ಕೋಟಾ) ಸೀಟಾದರೆ ಬೋಧನಾ ಶುಲ್ಕದ ವಿನಾಯಿತಿಯನ್ನೂ ಈ ಲೆಕ್ಕಕ್ಕೆ ಸೇರಿಸಿ.

ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಸಿಗುವುದು ಕೋರ್ಸಿಗೆ, ಇಡೀ ಕಾಲೇಜಿಗಲ್ಲ. ಆದ್ದರಿಂದ ನಿಮ್ಮ ಬ್ರಾಂಚಿಗೆ ಇದೆಯೇ ಎಂದೇ ಕೇಳಿ. ಪ್ಲೇಸ್‌ಮೆಂಟ್ ಫಲಕದ ದೊಡ್ಡ ಸಂಬಳದ ಬದಲು, ಆ ಬ್ರಾಂಚಿನಲ್ಲಿ ಓದಿದವರೆಷ್ಟು, ಕೆಲಸ ಸಿಕ್ಕವರೆಷ್ಟು ಎಂದು ವಿಚಾರಿಸಿ. ಆ ಬ್ರಾಂಚಿನ ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದರೆ ಕಚೇರಿಯಲ್ಲಿ ಸಿಗದ ಉತ್ತರವೂ ಸಿಗುತ್ತದೆ. ‘ಈಗ ಸೇರಿ, ಮುಂದಿನ ವರ್ಷ ಬ್ರಾಂಚ್ ಬದಲಿಸಿಕೊಡುತ್ತೇವೆ’ ಎಂಬ ಬಾಯಿಮಾತನ್ನು ನಂಬಿ ಸೇರಬೇಡಿ.

ನಾಲ್ಕು ಚಾಯ್ಸ್‌ಗಳ ಅರ್ಥ

ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿದ ಮೇಲೆ ಒಂದನ್ನು ಆರಿಸಲೇಬೇಕು. ಚಾಯ್ಸ್ 1 ಎಂದರೆ ಸೀಟು ಒಪ್ಪಿಗೆ: ಶುಲ್ಕ ಕಟ್ಟಿ ಪ್ರವೇಶ ಆದೇಶ ಪಡೆದು ಕಾಲೇಜಿಗೆ ಹೋಗುವುದು, ಮುಂದಿನ ಸುತ್ತು ಇಲ್ಲ. ಚಾಯ್ಸ್ 2 ಎಂದರೆ ಈ ಸೀಟೂ ಇರಲಿ, ಮೇಲಿನದಕ್ಕೂ ಕಾಯುತ್ತೇನೆ ಎಂದು. ಚಾಯ್ಸ್ 3ರಲ್ಲಿ ಸಿಕ್ಕ ಸೀಟು ಹೋಗುತ್ತದೆ, ಮುಂದಿನ ಸುತ್ತಿನ ಅವಕಾಶ ಮಾತ್ರ ಉಳಿಯುತ್ತದೆ. ಚಾಯ್ಸ್ 4 ಎಂದರೆ ಪೂರ್ತಿ ಹೊರಬಂದಂತೆ. ಗಡುವಿನೊಳಗೆ ಯಾವುದನ್ನೂ ಆರಿಸದಿದ್ದರೆ ಸೀಟು ಕೈತಪ್ಪುತ್ತದೆ.

ಚಾಯ್ಸ್ 2ರಲ್ಲಿ ಒಂದು ಅಪಾಯವಿದೆ. ನೀವು ಕೊಟ್ಟ ಆಪ್ಷನ್ ಪಟ್ಟಿಯಲ್ಲಿ ಈಗಿನ ಸೀಟಿಗಿಂತ ಮೇಲಿರುವ ಯಾವುದೇ ಆಪ್ಷನ್ ಸಿಕ್ಕರೂ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ‘ಹಳೆಯದೇ ಚೆನ್ನಾಗಿತ್ತು’ ಎಂದರೆ ಮರಳಿ ಬರುವುದಿಲ್ಲ. ಹಾಗಾಗಿ ಮುಂದಿನ ಸುತ್ತಿಗೆ ಮುಂಚೆ, ಈಗಿನ ಸೀಟಿಗಿಂತ ನಿಜಕ್ಕೂ ಬೇಕಾದವನ್ನು ಮಾತ್ರ ಉಳಿಸಿ ಬೇರೆಯದನ್ನು ಪಟ್ಟಿಯಿಂದ ತೆಗೆಯಿರಿ. ಹಿಂದಿನ ವರ್ಷದ ಕಟ್‌ಆಫ್ (ಕೊನೆಯ ಸೀಟು ಸಿಕ್ಕ ರ್‍ಯಾಂಕ್) ನೋಡುವಾಗ ಜಿಎಂ (ಸಾಮಾನ್ಯ ವರ್ಗ) ಸಾಲನ್ನಷ್ಟೇ ನೋಡಬೇಡಿ. 2ಎ, 3ಬಿ ಮುಂತಾದ ನಿಮ್ಮ ವರ್ಗದ ಜೊತೆಗೆ ಕನ್ನಡ ಮಾಧ್ಯಮದ ‘ಕೆ’, ಗ್ರಾಮೀಣದ ‘ಆರ್’ ಅನ್ವಯಿಸಿದರೆ ಆ ಸಾಲುಗಳನ್ನೂ ನೋಡಿ.

ಕಾಮೆಡ್‌ಕೆಯಲ್ಲೂ ಇದೇ ಬಗೆಯ ನಾಲ್ಕು ದಾರಿಗಳಿವೆ: ಒಪ್ಪಿ ಫ್ರೀಜ್, ಒಪ್ಪಿ ಅಪ್‌ಗ್ರೇಡ್, ತಿರಸ್ಕರಿಸಿ ಅಪ್‌ಗ್ರೇಡ್, ತಿರಸ್ಕರಿಸಿ ನಿರ್ಗಮನ. ಎರಡೂ ಕಡೆಯ ಕೊನೆಯ ದಿನಾಂಕ, ಸೀಟು ರದ್ದತಿಯ ದಿನಾಂಕಗಳನ್ನು ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಡುಗೆಮನೆ ಗೋಡೆಗೆ ಅಂಟಿಸಿ.

ಬಿಡುವುದು

ಕೆಇಎ ಅಥವಾ ಕಾಮೆಡ್‌ಕೆ ಮೂಲಕ ಪಡೆದ ಸೀಟನ್ನು ಅವರ ಪೋರ್ಟಲಿನ ಕ್ರಮದಲ್ಲೇ ರದ್ದು ಮಾಡಬೇಕು. ಕಾಲೇಜಿಗೆ ಫೋನ್ ಮಾಡಿ ಹೇಳಿದರೆ ಸಾಲದು. ನೇರವಾಗಿ ಸೇರಿದ ಕಾಲೇಜಾದರೆ ಪ್ರಾಂಶುಪಾಲರಿಗೆ ಹೀಗೆ ಬರೆಯಿರಿ: ‘ನಿಮ್ಮ ಕಾಲೇಜಿನ ಈ ಕೋರ್ಸಿಗೆ ಇಂಥ ದಿನಾಂಕ, ಇಂಥ ಸಂಖ್ಯೆಯ ರಸೀದಿಯಂತೆ ಪ್ರವೇಶ ಪಡೆದಿದ್ದೇನೆ. ಬೇರೆ ಕಡೆ ಸೀಟು ದೊರೆತಿರುವುದರಿಂದ ಪ್ರವೇಶ ರದ್ದುಪಡಿಸಿ, ಮೂಲ ದಾಖಲೆಗಳನ್ನೂ ಶುಲ್ಕವನ್ನೂ ಹಿಂದಿರುಗಿಸಬೇಕಾಗಿ ಕೋರುತ್ತೇನೆ.’ ಕೆಳಗೆ ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅದೇ ದಿನ ಇಮೇಲ್ ಕೂಡ ಮಾಡಿ, ಏಕೆಂದರೆ ಹಣ ಎಷ್ಟು ಬರುತ್ತದೆ ಎಂಬುದು ಅರ್ಜಿಯ ದಿನಾಂಕದ ಮೇಲೇ ನಿಂತಿದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಕ್ಟೋಬರ್ ಅಧಿಸೂಚನೆಯ ಲೆಕ್ಕ ಹೀಗಿದೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಶುಲ್ಕ, ಸಂಸ್ಕರಣಾ ವೆಚ್ಚವೆಂದು ಶೇ 5, ಹೆಚ್ಚೆಂದರೆ 5,000 ರೂಪಾಯಿ ಮಾತ್ರ ಕಡಿತ. ಆ 15 ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದ ತನಕ ಶೇ 80, 30 ದಿನದ ತನಕ ಶೇ 50, ಆಮೇಲೆ ಏನೂ ಇಲ್ಲ. ಅರ್ಜಿ ಕೊಟ್ಟ 15 ದಿನದಲ್ಲಿ ಹಣ ಬರಬೇಕು. ಕೆಲವು ವರ್ಷ ಯುಜಿಸಿ ಇನ್ನೂ ಉದಾರವಾದ ಗಡುವು ಕೊಟ್ಟದ್ದಿದೆ. ಆ ವರ್ಷದ ಸುತ್ತೋಲೆ ನೋಡಿಕೊಳ್ಳಿ.

ದಾಖಲೆಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಟಿಸಿ (ವರ್ಗಾವಣೆ ಪತ್ರ). ಪಿಯು ಕಾಲೇಜು ಕೊಡುವುದು ಒಂದೇ ಮೂಲ ಪ್ರತಿ, ಹೊಸ ಕಾಲೇಜು ಕೇಳುವುದೂ ಅದನ್ನೇ. ಯುಜಿಸಿ ನಿಯಮದಂತೆ ಮೂಲ ಅಂಕಪಟ್ಟಿ, ಟಿಸಿಗಳನ್ನು ಪರಿಶೀಲಿಸಿ ಕೂಡಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಕೊಡದಿದ್ದರೆ ಸೀಲು ಹಾಕಿಸಿದ ಪ್ರತಿ ಮತ್ತು ರಸೀದಿಗಳನ್ನು ಸ್ಕ್ಯಾನ್ ಮಾಡಿ ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ದೂರು ಹಾಕಿ, ದೂರಿನ ಸಂಖ್ಯೆಯನ್ನು ಕಾಲೇಜಿಗೂ ಕಳಿಸಿ.