ಶುಗರ್, ನಿಮಿರುವಿಕೆ ಮತ್ತು ಏಳು ಗಂಟೆಯ ಊಟ: ನನ್ನ ಅನುಭವ

ನನಗೀಗ 54. ಶುಗರ್ ಬಂದು ಹನ್ನೊಂದು ವರ್ಷ. ನಿಮಿರುವಿಕೆ ಕೈಕೊಟ್ಟದ್ದು ಏಳನೇ ವರ್ಷದಲ್ಲಿ. "ಶುಗರ್‌ನವರಿಗೆ ಆ ಮಾತ್ರೆ (ಸಿಲ್ಡೆನಾಫಿಲ್, ಅಂದರೆ ವಯಾಗ್ರ) ಹತ್ತಲ್ಲ ಬಿಡಿ" ಅಂತ ಲಾಲ್‌ಬಾಗಿನಲ್ಲಿ ಜೊತೆಗೆ ವಾಕ್ ಮಾಡುವವರು ಅಂದರು. ಒಬ್ಬ ಡಾಕ್ಟರೂ ಹಾಗೇ ಅಂದರು. ನನಗೆ ಹತ್ತಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡು. ಮೆಜೆಸ್ಟಿಕ್ ಕಡೆ ಗೋಡೆ ಮೇಲಿನ ಜಾಹೀರಾತು ನೋಡಿ ಒಂದು ಕ್ಲಿನಿಕ್‌ಗೆ ಹೋದೆ. ನಾಡಿ ಹಿಡಿದು ಪುಡಿ, ಲೇಹ್ಯ, ಎಣ್ಣೆ ಕೊಟ್ಟರು. ಮೂರು ತಿಂಗಳಿಗೆ ಹದಿನೆಂಟು ಸಾವಿರ ಚಿಲ್ಲರೆ. ಲೇಹ್ಯ ತಿಂದು ಬೆಳಗಿನ ಶುಗರ್ 160ರಿಂದ 230ಕ್ಕೆ ಏರಿತು. ಪುಡಿ ತಿಂದ ದಿನ ಮುಖ ಬಿಸಿ, ಮೂಗು ಕಟ್ಟು, ತಲೆನೋವು. ಸಿಲ್ಡೆನಾಫಿಲ್ ನುಂಗಿದಾಗಲೂ ಥೇಟ್ ಹಾಗೇ ಆಗುತ್ತದೆ. ಇಂಥ ಪುಡಿಗಳಲ್ಲಿ ಅದನ್ನೇ ಬೆರೆಸಿ ಸಿಕ್ಕಿಬಿದ್ದವರು ಎಷ್ಟೋ ಮಂದಿ. ಎದೆನೋವಿಗೆ ನೈಟ್ರೇಟ್ ತಗೊಳ್ಳುವವರು ಗೊತ್ತಿಲ್ಲದೆ ತಿಂದರೆ ಬಿಪಿ ಕುಸಿದು ಜೀವಕ್ಕೇ ಸಂಚಕಾರ.

ಆಮೇಲೆ ಗಾಳಿ ಎಳೆದು ನಿಮಿರಿಸುವ ವ್ಯಾಕ್ಯೂಮ್ ಪಂಪ್, ಆರೂವರೆ ಸಾವಿರ. ಕೆಲಸ ಮಾಡುತ್ತೆ, ಸುಳ್ಳು ಹೇಳಲ್ಲ. ಆದರೆ ಬುಡಕ್ಕೆ ಹಾಕುವ ರಿಂಗ್ ಅರ್ಧ ಗಂಟೆಗಿಂತ ಹೆಚ್ಚು ಇಡುವಂತಿಲ್ಲ, ಅಂಗ ತಣ್ಣಗಾಗುತ್ತೆ, ನನ್ನವಳಿಗೆ ಒಗ್ಗಲಿಲ್ಲ.

ಕೊನೆಗೆ ಜಯನಗರದಲ್ಲಿ ಒಬ್ಬ ಹುಡುಗ ಯುರಾಲಜಿಸ್ಟ್ ಸಿಕ್ಕರು. ಮೊದಲು ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ, ಮಾಡಿಸಿದರು. ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ತೊಂದರೆ ಅಲ್ಲೇ ಮೊದಲು ತೋರುತ್ತೆ ಅಂದರು. ಬೆಳಗ್ಗೆ ಎಂಟಕ್ಕೆ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ನೋಡಿಸಿದರು. ಫಿಸಿಷಿಯನ್ ಜೊತೆ ಮಾತಾಡಿ ನಿಮಿರುವಿಕೆಗೆ ಅಡ್ಡಿಯಾಗಬಹುದಾದ ಅಟೆನೊಲಾಲ್ ಬದಲು ಬೇರೆ ಬಿಪಿ ಮಾತ್ರೆ ಕೊಡಿಸಿದರು. ಆಮೇಲೆ ಕೇಳಿದರು: "ಸಿಲ್ಡೆನಾಫಿಲ್ ಯಾವಾಗ ನುಂಗಿದ್ರಿ, ಎಷ್ಟು ಸಲ?"

"ಊಟ ಆದ್ಮೇಲೆ ಸಾರ್. ಎರಡು ಸಲ."

ಎಡವಿದ್ದು ಅಲ್ಲೇ. ಜಿಡ್ಡಿನ ಊಟದ ಮೇಲೆ ಆ ಮಾತ್ರೆ ತಡವಾಗಿ, ಕಮ್ಮಿ ಏರುತ್ತೆ. ಆರೆಂಟು ಸಲ ಸರಿಯಾಗಿ ನೋಡದೆ ಕೈಬಿಡಬಾರದು ಅಂದರು. 100 ಎಂಜಿ ಬರೆದುಕೊಟ್ಟರು. ನಾನು ಶುಗರ್ ಡೈರಿಯ ಹಿಂದಿನ ಪುಟದಲ್ಲೇ ಗೆರೆ ಎಳೆದೆ: ಹತ್ತಿದರೆ ಟಿಕ್, ಇಲ್ಲದಿದ್ದರೆ ತಪ್ಪು ಗುರುತು. ಏಳಕ್ಕೆ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಒಂಬತ್ತೂವರೆಗೆ ಮಾತ್ರೆ, ಹತ್ತೂವರೆವರೆಗೆ ಟಿವಿ ಇಲ್ಲ, ಫೋನ್ ಇಲ್ಲ, ಇಬ್ಬರದೇ ಮಾತು. ಮಾತ್ರೆ ತಾನಾಗಿ ಏನೂ ಎಬ್ಬಿಸಲ್ಲ, ಮನಸ್ಸು ಕೂಡಬೇಕು. ಎಂಟರಲ್ಲಿ ಐದು ಟಿಕ್. ಮೊದಲ ಮೂರೂ ತಪ್ಪು ಗುರುತೇ, ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಬೇಕಂತಲೇ ಒಂದು ರಾತ್ರಿ ಗಾಂಧಿ ಬಜಾರಿನ ಮಸಾಲೆ ದೋಸೆ ತಿಂದು ನೋಡಿದೆ. ತಪ್ಪು. (ಇನ್ಸುಲಿನ್ ತಗೊಳ್ಳುವವರು ಊಟ ಬಿಡಬೇಡಿ, ಬೇಗ ಮಾಡಿ.) ಮನೆಮಂದಿಯನ್ನೆಲ್ಲ ಏಳು ಗಂಟೆಯ ಊಟಕ್ಕೆ ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಜೊತೆಗೆ ಸಿಗರೇಟು ಬಿಟ್ಟೆ. ಲಾಲ್‌ಬಾಗಿನಲ್ಲಿ ದಿನಾ ಐವತ್ತು ನಿಮಿಷ. ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9.4 ಇದ್ದದ್ದು ಎಂಟು ತಿಂಗಳಲ್ಲಿ 7.1ರ ಹತ್ತಿರ ಬಂತು. ಅಷ್ಟೊತ್ತಿಗೆ 50 ಎಂಜಿ ಸಾಕಾಯಿತು. ಜನೌಷಧಿಯಲ್ಲಿ ಜೆನೆರಿಕ್ ತಗೊಳ್ಳುತ್ತಿದ್ದೆ, ಒಂದು ಸಲಕ್ಕೆ ಟೀ ಕಾಸು.

ಈಗ ಡಾಕ್ಟರನ್ನು ಕೇಳಿ ಅದರ ಬದಲು ಅದೇ ಜಾತಿಯ ಟಡಾಲಫಿಲ್ ದಿನಾ 5 ಎಂಜಿ ನೋಡುತ್ತಿದ್ದೇನೆ. ಇದಕ್ಕೆ ಊಟದ ಕಟ್ಟುಪಾಡಿಲ್ಲ. ಮೂರು ವಾರವಾಯಿತು. ಮೊನ್ನೆ ಭಾವಮೈದುನನ ಮಗಳ ಮದುವೆ ಊಟ ಮಾಡಿ ಬಂದ ರಾತ್ರಿಯೂ ಡೈರಿಯಲ್ಲಿ ಟಿಕ್ ಬಿದ್ದಿದೆ.