ಒಂಬತ್ತು ಲಕ್ಷ, ಜಾಹೀರಾತಿಗೆ ಪೈಸೆ ಇಲ್ಲದೆ

ಚಿಕಿತ್ಸೆಗೆ ಆನ್‌ಲೈನಲ್ಲಿ ಜನರಿಂದ ಹಣ ಕೂಡಿಸೋ ಕ್ರೌಡ್‌ಫಂಡಿಂಗ್ ಪೇಜ್ ವೈರಲ್ ಆಗದೆ ದುಡ್ಡು ಹುಟ್ಟಲ್ಲ ಬಿಡಿ ಎಂದವರೇ ಜಾಸ್ತಿ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಆಟೋ ಚಾಲಕರೊಬ್ಬರ ಮಗಳ ಅಸ್ಥಿಮಜ್ಜೆ ಕಸಿಗೆ ಒಂಬತ್ತು ಲಕ್ಷದ ಆಸುಪಾಸು ಕೂಡಿತು. ಫೇಸ್‌ಬುಕ್ ಜಾಹೀರಾತಿಲ್ಲ, ಸಿನಿಮಾದವರ ಶೇರ್ ಇಲ್ಲ. ಪೇಜ್ ತೆರೆಯೋದು, ಕೆವೈಸಿ ಇವೆಲ್ಲ ನಿಮಗೆ ಗೊತ್ತಿರೋದೇ. ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಅನ್ನೋದಷ್ಟೇ ಇಲ್ಲಿ.

ಆಸ್ಪತ್ರೆಯ ಎಸ್ಟಿಮೇಟ್ ಹದಿನಾಲ್ಕು ಲಕ್ಷದ ಹತ್ತಿರ ಇತ್ತು. ಅದನ್ನೇ ಗುರಿ ಅಂತ ಹಾಕಬಾರದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ಹೆಚ್ಚೆಂದರೆ 1.5 ಲಕ್ಷ. ಯಾರಾದರೂ ಒಬ್ಬರು ಗ್ರೂಪಲ್ಲಿ "ಸ್ಕೀಮ್ ಇಲ್ವಾ?" ಅಂತ ಕೇಳಿಬಿಟ್ಟರೆ ಆ ಗ್ರೂಪಿನಿಂದ ಮತ್ತೆ ಒಂದು ರೂಪಾಯಿ ಹುಟ್ಟಲ್ಲ. ಸ್ಕೀಮಿನ ಮಂಜೂರಾತಿ ಚಿಕಿತ್ಸೆಗೆ ಮುಂಚೆಯೇ ಆಗಬೇಕು. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹೋಗಿರಬೇಕು. ಇವನ್ನೂ ಮನೆಯವರ ಕೈಲಿರೋದನ್ನೂ ಕಳೆದು ಉಳಿದ ಕೊರತೆಯನ್ನು ಮಾತ್ರ ಕೇಳಿ, ಆ ಕಳೆಯೋ ಲೆಕ್ಕವನ್ನು ಪೇಜಲ್ಲೇ ಬರೆಯಿರಿ.

ಆ ಕೊರತೆಯನ್ನೂ ಒಟ್ಟಿಗೆ ಕೇಳಲಿಲ್ಲ. ಮೊದಲ ಗುರಿ ಮೂರು ಲಕ್ಷ: ಅಡ್ವಾನ್ಸ್ ಮತ್ತು ಕಸಿಗೆ ಮುಂಚಿನ ಕೀಮೋ. ಮುಟ್ಟಿದ ಮೇಲೆ ಎರಡನೇ ಹಂತ. ಪೂರ್ತಿ ಮೊತ್ತ ಎಷ್ಟು ಅನ್ನೋದನ್ನು ಮೊದಲ ದಿನವೇ ಹೇಳಿರಬೇಕು, ಇಲ್ಲದಿದ್ದರೆ ಎರಡನೇ ಹಂತಕ್ಕೆ ಬೈಗುಳ ಗ್ಯಾರಂಟಿ.

ಲಿಂಕ್ ಹೊರಗೆ ಬಿಡೋ ಮುಂಚೆ ಆಟೋ ಸ್ಟ್ಯಾಂಡಿನವರು, ಮಗಳ ಶಾಲೆಯ ಪೋಷಕರು, ಊರಿನವರು ಎಲ್ಲರಿಗೂ ಒಬ್ಬೊಬ್ಬರಿಗೇ ಫೋನ್. ಇನ್ನೂರು, ಐನೂರು ಸಾಕು. ಅಪರಿಚಿತರು ಮೊತ್ತಕ್ಕಿಂತ ಮೊದಲು ಎಷ್ಟು ಜನ ಕೊಟ್ಟಿದ್ದಾರೆ ಅಂತ ನೋಡುತ್ತಾರೆ. ಐವತ್ತು ಜನ ಕೊಟ್ಟ ಪೇಜಿಗೆ ಐವತ್ತೊಂದನೆಯವರು ಸುಲಭವಾಗಿ ಬರುತ್ತಾರೆ, ಸೊನ್ನೆ ಇರೋ ಪೇಜಿಗೆ ಮೊದಲನೆಯವರು ಬರೋದೇ ಇಲ್ಲ.

ವಾಟ್ಸಾಪಲ್ಲಿ ಫಾರ್ವರ್ಡ್ ಒತ್ತಬೇಡಿ. ಒಂದು ಸಲಕ್ಕೆ ಐದು ಚಾಟ್‌ಗಷ್ಟೇ ಹೋಗುತ್ತದೆ. ತುಂಬ ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದಮೇಲೆ ಒಂದಕ್ಕೇ, ಮೇಲಾಗಿ ಅದನ್ನು ಕಂಡ ಕೂಡಲೇ ಜನ ಮೋಸ ಅಂದುಕೊಳ್ಳುತ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಕಾಪಿ ಮಾಡಿ, ಮೇಲೆ ಹೆಸರು ಹಾಕಿ ಕಳಿಸಿದ್ದಕ್ಕೆ ಬಂದ ಹಣವೇ ಬೇರೆ.

ಅಪಾರ್ಟ್‌ಮೆಂಟ್ ಗ್ರೂಪುಗಳಿಗೆ ಇಂಗ್ಲಿಷಲ್ಲೇ ಬರೆಯಬೇಕು ಅಂತ ಎಲ್ಲರ ವಾದ. ಇಲ್ಲಿ ಹಾಕಿದ್ದು ತಂದೆಯದೇ ದನಿಯ ಕನ್ನಡ ವಾಯ್ಸ್ ನೋಟ್, ಮುಕ್ಕಾಲು ನಿಮಿಷ, ಕೆಳಗೆ ಎರಡು ಸಾಲು ಇಂಗ್ಲಿಷ್. ಇಂಗ್ಲಿಷ್ ಪ್ರಬಂಧಕ್ಕೆ ಬಂದದ್ದರ ಎರಡರಷ್ಟಾದರೂ ಬಂತು. ಆ ಮುಕ್ಕಾಲು ನಿಮಿಷದಲ್ಲಿ ಯಾವ ಮಾತು ಮೊದಲು, ಯಾವುದು ಕೊನೆಗೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಎಲ್ಲರೂ ಹಾಗೇ ಶುರು ಮಾಡಿದರೆ ಅದೂ ಸವೆಯುತ್ತದೆ. ಹೊತ್ತು ಮಾತ್ರ ಹೇಳಬಹುದು: ಸಂಬಳ ಬಿದ್ದ ಮೊದಲ ವಾರ, ರಾತ್ರಿ ಎಂಟೂವರೆ ಮೇಲೆ. ತಿಂಗಳ ಹತ್ತು ದಾಟಿದರೆ ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನು ಸೋರಿಕೆ. ಪೇಜ್ ಇರೋ ವೆಬ್‌ಸೈಟಿನವರ ಪ್ಲಾಟ್‌ಫಾರ್ಮ್ ಶುಲ್ಕ, ಹಣ ದಾಟಿಸೋ ಗೇಟ್‌ವೇ ಶುಲ್ಕ, ಅವುಗಳ ಮೇಲೆ ಶೇ. 18 ಜಿಎಸ್‌ಟಿ. ಶುಲ್ಕವೇ ಇಲ್ಲ ಅನ್ನೋ ಕಡೆ ವೆಬ್‌ಸೈಟಿನವರಿಗೆ ಹೋಗೋ ಟಿಪ್ ಮೊದಲೇ ಸೇರಿಸಿಟ್ಟಿರುತ್ತಾರೆ. ಸಾವಿರ ಕೊಡಲು ಬಂದವರು ಸಾವಿರದ ನೂರು ಚಿಲ್ಲರೆ ಕಂಡು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. "ಟಿಪ್ ಸೊನ್ನೆ ಮಾಡಬಹುದು" ಅನ್ನೋ ಸಾಲು ಮೆಸೇಜಲ್ಲೇ ಇರಲಿ.

ಹಾಗಂತ ಮನೆಯವರ ಯುಪಿಐ ಕ್ಯೂಆರ್ ಹಂಚಬೇಡಿ. ಕಳಿಸಿದವರಲ್ಲಿ ಒಬ್ಬರ ಹಣ ಸೈಬರ್ ದೂರಿನಲ್ಲಿ ಸಿಕ್ಕಿಕೊಂಡಿದ್ದರೂ ಖಾತೆ ತಡೆಹಿಡಿಯಬಹುದು, ಅದೂ ಬಿಲ್ ಕಟ್ಟಬೇಕಾದ ದಿನ. ಜೊತೆಗೆ ಬಂಧುಗಳಲ್ಲದವರಿಂದ ಬಂದದ್ದು ಹಣಕಾಸು ವರ್ಷದಲ್ಲಿ 50,000 ರೂಪಾಯಿ ಮೀರಿದರೆ ಅಷ್ಟನ್ನೂ ಆದಾಯ ಅಂತ ಹಿಡಿಯಲು ತೆರಿಗೆ ಕಾನೂನಲ್ಲಿ ದಾರಿಯಿದೆ. ಹಣ ಪೇಜಿನಿಂದ ನೇರ ಆಸ್ಪತ್ರೆ ಖಾತೆಗೆ ಹೋಗಲಿ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಖಾತೆ ವಿವರ, ಐಎಫ್‌ಎಸ್‌ಸಿ, ರೋಗಿಯ ನೋಂದಣಿ ಸಂಖ್ಯೆ ಮೊದಲೇ ಬರೆಸಿಕೊಳ್ಳಿ. ನಮ್ಮ ಕಡೆ ತಪ್ಪದೆ ಬರೋ ತೊಡಕು ಇನಿಷಿಯಲ್: ಆಧಾರಿನಲ್ಲಿ ಹೆಸರಿನ ಹಿಂದೆ, ಆಸ್ಪತ್ರೆ ಫೈಲಿನಲ್ಲಿ ಮುಂದೆ. ವೆರಿಫಿಕೇಷನ್ ಅಲ್ಲೇ ನಿಲ್ಲುತ್ತದೆ. ಅಡ್ಮಿಷನ್ ದಿನವೇ ಸರಿಮಾಡಿಸಿ.

ಐಟಿ ಕಂಪನಿಗಳಲ್ಲಿ ಕೆಲಸ ಮಾಡೋರು 80ಜಿ, ಅಂದರೆ ದಾನಕ್ಕೆ ಸಿಗೋ ತೆರಿಗೆ ವಿನಾಯಿತಿ, ಕೇಳುತ್ತಾರೆ. ವ್ಯಕ್ತಿಯ ಹೆಸರಿನ ಪೇಜಿಗೆ ಅದು ಇಲ್ಲ. ದೊಡ್ಡ ಮೊತ್ತದವರನ್ನು 80ಜಿ ಇರೋ ಟ್ರಸ್ಟಿನ ಕಡೆ ಕಳಿಸಿ, ಟ್ರಸ್ಟಿನಿಂದ ಆಸ್ಪತ್ರೆಗೆ ಕಟ್ಟಿಸಿದ್ದಾಯಿತು. ದಾನಿಗೆ ಫಾರ್ಮ್ 10ಬಿಇ ಅನ್ನೋ ದಾನದ ಪ್ರಮಾಣಪತ್ರ ಸಿಕ್ಕಿತು, ಎರಡು ಲಕ್ಷದಷ್ಟು ಆ ದಾರಿಯಲ್ಲೇ ಬಂತು. ನಗದು ಬೇಡ ಅನ್ನಿ, 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ.

ನಡುವೆ ಪೋಸ್ಟರ್ ಪ್ರಯೋಗವೂ ನಡೆಯಿತು. ವಿಜಯನಗರದ ದರ್ಶಿನಿ ಹೋಟೆಲೊಂದರ ಕ್ಯಾಶ್ ಕೌಂಟರಲ್ಲಿ ಪೇಜಿನ ಕ್ಯೂಆರ್ ಅಂಟಿಸಿದರೆ ದಿನಕ್ಕೆ ನೂರು ರೂಪಾಯಿಯೂ ದಾಟಲಿಲ್ಲ, ಹಿಂದೆ ಕ್ಯೂ ಇರುವಾಗ ಯಾರೂ ನಿಲ್ಲಲ್ಲ. ನಿಂತು ತಿನ್ನೋ ಟೇಬಲ್ಲಿಗೆ ಬದಲಿಸಿದಾಗ ಮೂರು ಪಟ್ಟಾಯಿತು. ಆಟೋ ಹಿಂಭಾಗದ ಪೋಸ್ಟರ್ ವ್ಯರ್ಥ, ಓಡೋ ಗಾಡಿಯನ್ನು ಸ್ಕ್ಯಾನ್ ಮಾಡೋಕಾಗಲ್ಲ. ಅದೇ ಡ್ರೈವರ್ ಸೀಟಿನ ಹಿಂದೆ, ಪ್ರಯಾಣಿಕರ ಕಣ್ಣೆದುರು ಅಂಟಿಸಿದ ಮೂವತ್ತು ಚಿಲ್ಲರೆ ಆಟೋಗಳಿಂದ ನಲವತ್ತು ಸಾವಿರ ಬಂತು. ಮಾಗಡಿ ರೋಡ್ ಟ್ರಾಫಿಕ್ಕಿನಿಂದ ಇದೊಂದು ಉಪಕಾರ! ಕ್ಯೂಆರ್ ಮೂರು ಇಂಚು ಇರಲಿ, ಲ್ಯಾಮಿನೇಷನ್ ಮ್ಯಾಟ್ ಇರಲಿ. ಗ್ಲಾಸಿ ಆದರೆ ಬಿಸಿಲಿಗೆ ಹೊಳೆದು ಸ್ಕ್ಯಾನ್ ಆಗಲ್ಲ.

ಎರಡನೇ ವಾರದ ಮೇಲೆ ಪೇಜ್ ಮಲಗೇ ಮಲಗುತ್ತದೆ. ಆಗ ಮಗುವಿನ ಫೋಟೋ ಹಾಕಬೇಡಿ, ಕಟ್ಟಿದ ಬಿಲ್ಲನ್ನು ನಂಬರುಗಳಿಗೆ ಮಸಿ ಬಳಿದು ಹಾಕಿ. ಒಮ್ಮೆ ಕೊಟ್ಟವರೇ ಮತ್ತೆ ಕೊಟ್ಟದ್ದು ಬಿಲ್ ನೋಡಿಯೇ. ಗುರಿ ಮುಟ್ಟಿದ ದಿನವೇ ಪೇಜ್ ಮುಚ್ಚಿಸಿ. ಹೆಚ್ಚು ಬಂದರೆ ಏನು ಮಾಡುತ್ತೀರಿ ಅನ್ನೋದನ್ನು ಮೊದಲೇ ಬರೆದಿಡಿ. ಇಲ್ಲಿ ಮಿಕ್ಕಿದ ಮೂವತ್ತು ಸಾವಿರದಷ್ಟು ಹಣ ಕಸಿಯ ನಂತರದ ಮಾತ್ರೆ, ರಕ್ತಪರೀಕ್ಷೆಗೆ ಅಂತ ಆಸ್ಪತ್ರೆಯಲ್ಲೇ ಮಗುವಿನ ಹೆಸರಿನ ಅಡ್ವಾನ್ಸ್ ಆಗಿ ಉಳಿಯಿತು.